ಕಿಟಕಿ ತೆರೆಯದ ಊರಿನ ಸೆಕೆ

ಹೂಸ್ಟನ್ ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದು ಹೊರಗೆ ಕಾಲಿಟ್ಟದ್ದೇ ತಡ, ನನಗೆ ಕಣ್ಣು ಕಾಣದಾಯಿತು. ಕನ್ನಡಕದ ಎರಡೂ ಗಾಜು ಮಂಜು ಹಿಡಿದಿತ್ತು. ಕರೆದೊಯ್ಯಲು ಬಂದಿದ್ದ ಮಗಳು ಬಿಳಿ ಪರದೆಯ ಹಿಂದೆ ಯಾರೋ ಅಲುಗಾಡಿದ ಹಾಗೆ ಕಂಡಳು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡೆ. ಹಾಕುವಷ್ಟರಲ್ಲಿ ಮತ್ತೆ ಮಂಜು. "ಒರೆಸಬೇಡಿ ಅಪ್ಪ, ಗಾಜು ಬಿಸಿಯಾದ ಮೇಲೆ ತನ್ನಿಂದ ತಾನೇ ಹೋಗ್ತದೆ" ಅಂದಳು. 2024ರ ಜುಲೈ ಮೊದಲ ವಾರ, ಸಂಜೆ ಏಳು ಗಂಟೆ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಬೆನ್ನಿಗೆ ಅಂಗಿ ಅಂಟಲು ಶುರುವಾಗಿತ್ತು. ನನ್ನ ಹೆಂಡತಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಇಷ್ಟು ದೂರ ಬಂದು ಪುತ್ತೂರಿನ ಮೇ ತಿಂಗಳಿಗೇ ಇಳಿದ ಹಾಗಾಯ್ತಲ್ಲ" ಅಂದಳು.

ನಮ್ಮ ಕರಾವಳಿ ಕಡೆಯವರಿಗೆ ಸೆಕೆಯ ಬಗ್ಗೆ ಒಂದು ಬಗೆಯ ಜಂಬ ಉಂಟು. ಬಯಲುಸೀಮೆಯವರು 40 ಡಿಗ್ರಿಯ ಬಿಸಿಲಿನ ಮಾತೆತ್ತಿದರೆ, "ಅದೆಲ್ಲ ಒಣ ಬಿಸಿಲು, ನಮ್ಮಲ್ಲಿಗೆ ಬಂದು 33ರಲ್ಲಿ ಒಂದು ಮದುವೆ ಊಟ ಬಡಿಸಿ ನೋಡಿ" ಅನ್ನುತ್ತೇವೆ. ಬಿಸಿಲು ಬೇರೆ, ಸೆಕೆ ಬೇರೆ. ಮರದಡಿಗೆ ಹೋದರೆ ಬಿಸಿಲು ತಪ್ಪುತ್ತದೆ. ಸೆಕೆ ಮರದಡಿಯಲ್ಲೂ ಇರುತ್ತದೆ, ರಾತ್ರಿ ಹಾಸಿಗೆಯಲ್ಲೂ ಇರುತ್ತದೆ. ಮಗಳ ಮನೆಯಲ್ಲಿ ಐದು ತಿಂಗಳು ಇರಲೆಂದು ಹೋದ ನಾನು, ಈ ಊರು ನನಗೇನು ಕಲಿಸೀತು ಎಂಬ ಭಾವನೆಯಲ್ಲೇ ಕಾರು ಹತ್ತಿದ್ದೆ.

ಹೂಸ್ಟನ್ ನಗರದ ಬಹುಪಾಲು ಇರುವುದು ಟೆಕ್ಸಾಸ್ ರಾಜ್ಯದ ಹ್ಯಾರಿಸ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ವಿಸ್ತಾರವೂ ಹೆಚ್ಚುಕಮ್ಮಿ ದಕ್ಷಿಣ ಕನ್ನಡದಷ್ಟೇ, ನಾಲ್ಕೂವರೆ ಸಾವಿರ ಚದರ ಕಿಲೊಮೀಟರಿಗೆ ತುಸು ಮೇಲೆ. ಜನ ಮಾತ್ರ ನಮ್ಮ ಎರಡರಷ್ಟು. 2020ರ ಗಣತಿಯಲ್ಲಿ 47 ಲಕ್ಷ. ಅಲ್ಲಿನ ಆಡಳಿತದ ಮುಖ್ಯಸ್ಥರಿಗೆ ‘ಕೌಂಟಿ ಜಡ್ಜ್’ ಎಂದು ಹೆಸರು. ಕರಿ ಕೋಟು ಹಾಕಿ ಕೊಲೆ ಕೇಸು ಕೇಳುವ ಜಡ್ಜ್ ಅಲ್ಲ. ಚುನಾವಣೆ ಗೆದ್ದು ಬಂದು ರಸ್ತೆ, ಚರಂಡಿ, ನೆರೆ ನೋಡಿಕೊಳ್ಳುವವರು. ಬಿರುಗಾಳಿ ಬರುವ ಹೊತ್ತಿಗೆ ಟಿ.ವಿ.ಯಲ್ಲಿ ಮೊದಲು ಕಾಣಿಸಿಕೊಳ್ಳುವ ಮುಖ ಅದು.

ಭೂಪಟದಲ್ಲಿ ನೋಡಿದರೆ ಹೂಸ್ಟನ್ ಇರುವುದು ನಮ್ಮ ಹರಿದ್ವಾರದ ಅಕ್ಷಾಂಶದಲ್ಲಿ. ಹಾಗಿದ್ದೂ ಮಂಗಳೂರಿನ ಸೆಕೆ ಅಲ್ಲಿಗೆ ಹೇಗೆ ಬಂತು? ದಕ್ಷಿಣಕ್ಕಿರುವ ಮೆಕ್ಸಿಕೊ ಕೊಲ್ಲಿಯಿಂದ. ಬೇಸಗೆಯಲ್ಲಿ ಆ ಕೊಲ್ಲಿಯ ಮೇಲ್ಮೈ ನೀರು 30 ಡಿಗ್ರಿಯ ಆಸುಪಾಸಿಗೆ ಬಿಸಿಯಾಗುತ್ತದೆ, ಗಾಳಿ ಹೆಚ್ಚಿನ ದಿನ ಅಲ್ಲಿಂದಲೇ ನೆಲದ ಕಡೆಗೆ ಬೀಸುತ್ತದೆ. ನಡುವೆ ತಡೆಯಲು ಒಂದು ದಿಣ್ಣೆಯೂ ಇಲ್ಲ. ನಮಗಾದರೆ ಘಟ್ಟ ಉಂಟು; ಸಮುದ್ರದ ಆವಿ ಅದಕ್ಕೆ ಢಿಕ್ಕಿ ಹೊಡೆದು ಮೇಲೇರಿ, ತಣಿದು, ಮಳೆಯಾಗಿ ಸುರಿದುಹೋಗುತ್ತದೆ. ಅಲ್ಲಿ ಆವಿಗೆ ಆ ದಾರಿ ಇಲ್ಲದೆ ಗಾಳಿಯಲ್ಲೇ ತೇಲಾಡಿಕೊಂಡಿರುತ್ತದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 1,300 ಮಿಲಿಮೀಟರ್, ಮಂಗಳೂರಿನದರ ಅರ್ಧಕ್ಕೂ ಕಡಿಮೆ. ಆದರೆ ಮಳೆಗಾಲ ಎಂಬುದೊಂದು ಪ್ರತ್ಯೇಕವಾಗಿ ಇಲ್ಲ. ಜನವರಿಯಲ್ಲೂ ಬಂದೀತು, ಆಗಸ್ಟಿನಲ್ಲೂ ಬಂದೀತು. ಕೊಡೆಯನ್ನು ಅಟ್ಟಕ್ಕೆ ಹಾಕುವ ತಿಂಗಳು ಯಾವುದೆಂದು ಕೇಳಿದರೆ ಅಲ್ಲಿನವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಇನ್ನು ಉತ್ತರಕ್ಕೂ ಅದೇ ಕಥೆ. ಹರಿದ್ವಾರದ ನೆತ್ತಿಯ ಮೇಲೆ ಹಿಮಾಲಯ ನಿಂತಿದೆ. ಹೂಸ್ಟನ್ನಿನಿಂದ ಕೆನಡಾದ ಹಿಮದವರೆಗೆ ಅಡ್ಡ ನಿಲ್ಲುವ ಬೆಟ್ಟವಿಲ್ಲ. ಹಾಗಾಗಿ ಚಳಿಗಾಲದಲ್ಲಿ ಒಮ್ಮೊಮ್ಮೆ ಉತ್ತರದ ಶೀತಗಾಳಿ ನೇರ ಇಳಿದುಬರುತ್ತದೆ. 2021ರ ಫೆಬ್ರವರಿಯಲ್ಲಿ ಹಾಗೆ ಬಂದಾಗ ಊರೇ ಹೆಪ್ಪುಗಟ್ಟಿ, ಮನೆಮನೆಯ ನೀರಿನ ಪೈಪು ಒಡೆದು, ಕರೆಂಟೂ ಹೋಗಿತ್ತು. ಮಗಳ ಕರಿಬೇವಿನ ಗಿಡ ಸತ್ತದ್ದು ಆಗಲೇ. ಈಗಿರುವುದು ಚಕ್ರ ಕಟ್ಟಿದ ಕುಂಡದಲ್ಲಿದೆ. ಚಳಿ ಬಂತೆಂದರೆ ಅಳಿಯ ಅದನ್ನು ಮಗುವಿನ ಗಾಡಿಯಂತೆ ಒಳಗೆ ತಳ್ಳಿಕೊಂಡು ಬರುತ್ತಾನೆ.

ಕನ್ನಡಕದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಸೆಕೆಯ ಗುಟ್ಟೆಲ್ಲ ಅದರಲ್ಲೇ ಇದೆ. ನಿಲ್ದಾಣದೊಳಗಿನ ತಂಪಿಗೆ ಗಾಜು 21–22 ಡಿಗ್ರಿಗೆ ಇಳಿದಿತ್ತು. ಹೊರಗಿನ ಗಾಳಿಯಲ್ಲಿ ಎಷ್ಟು ಆವಿ ತುಂಬಿತ್ತೆಂದರೆ, ಅದನ್ನು 24 ಡಿಗ್ರಿಗೆ ತಣಿಸಿದರೆ ಸಾಕು, ಆವಿ ನೀರಾಗಿ ಕೂತುಬಿಡುತ್ತದೆ. ಈ 24ಕ್ಕೆ ಇಬ್ಬನಿ ಬಿಂದು ಎಂದು ಹೆಸರು. ತಣ್ಣೀರಿನ ಲೋಟದ ಹೊರಮೈ ಬೆವರುವುದೂ ಇದರಿಂದಲೇ. ಮಗಳ ಮನೆಯಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯ ಗಾಜೆಲ್ಲ ಮಸುಕು. ಬಟ್ಟೆ ತಂದು ಎಷ್ಟು ಉಜ್ಜಿದರೂ ಹೋಗಲಿಲ್ಲ. ಆಮೇಲೆ ಗೊತ್ತಾಯಿತು, ಮಂಜು ಇರುವುದು ಹೊರಗಿನ ಬದಿಯಲ್ಲಿ.

ಪೇಪರಿನಲ್ಲಿ ಬರುವ ತೇವಾಂಶದ ಶೇಕಡಾ ಲೆಕ್ಕ ಇದೆಯಲ್ಲ, ಅದು ಜನರನ್ನು ದಾರಿ ತಪ್ಪಿಸುತ್ತದೆ. ಹೂಸ್ಟನ್ನಿನ ಒಂದು ಜುಲೈ ದಿನವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಉಷ್ಣಾಂಶ 25, ತೇವಾಂಶ ಶೇಕಡಾ 94. ಮಧ್ಯಾಹ್ನ ಮೂರಕ್ಕೆ ಉಷ್ಣಾಂಶ 35, ತೇವಾಂಶ ಶೇಕಡಾ 53. ಅಬ್ಬ, ಅರ್ಧಕ್ಕಿಳಿಯಿತು ಅಂದುಕೊಂಡು ಹೊರಗೆ ಹೊರಟರೆ ಆಸಾಮಿ ಕೆಟ್ಟ. ಎರಡೂ ಹೊತ್ತಿನಲ್ಲಿ ಇಬ್ಬನಿ ಬಿಂದು 24ರಲ್ಲೇ ಇದೆ, ಗಾಳಿಯಲ್ಲಿರುವ ನೀರು ಹೆಚ್ಚುಕಮ್ಮಿ ಅಷ್ಟೇ. ಬಿಸಿ ಗಾಳಿಗೆ ಹೆಚ್ಚು ಆವಿ ಹಿಡಿಯುವ ಶಕ್ತಿ ಇರುವುದರಿಂದ ಶೇಕಡಾ ಇಳಿಯಿತು, ಪಾತ್ರೆ ದೊಡ್ಡದಾದರೆ ಅದೇ ಸಾರು ಕಡಿಮೆ ಕಂಡ ಹಾಗೆ. ಇಂಥ ಗಾಳಿ ತುಂಬಿದ ಹನ್ನೆರಡು ಅಡಿ ಉದ್ದಗಲ, ಹತ್ತಡಿ ಎತ್ತರದ ಕೋಣೆಯೊಂದರಲ್ಲಿ ಮುಕ್ಕಾಲು ಲೀಟರಿಗೂ ಮಿಕ್ಕಿ ನೀರು ಕಣ್ಣಿಗೆ ಕಾಣದೆ ತೇಲುತ್ತಿರುತ್ತದೆ. ಆ ಮಧ್ಯಾಹ್ನದ 35 ಡಿಗ್ರಿ ಮೈಗೆ ಸುಮಾರು 42ರ ಹಾಗೆ ನಾಟುತ್ತದೆ ಎಂಬುದು ಅಮೆರಿಕದ ಹವಾಮಾನ ಇಲಾಖೆಯ ಕೋಷ್ಟಕದ ಲೆಕ್ಕ.

ನಾಟುವುದು ಏಕೆಂದರೆ ಬೆವರು ಆರುವುದಿಲ್ಲ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಮೈಯಿಂದ ಕೊಂಡೊಯ್ಯುತ್ತದೆ. ಆದರೆ ಆರಬೇಕು. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ನೆಲ ಸೇರುತ್ತದೆ. ಮೈಗೆ ಅದರಿಂದ ಮೂರು ಕಾಸಿನ ಉಪಕಾರವಿಲ್ಲ. ಕಲಬುರಗಿಯಲ್ಲಿ ಮಣ್ಣಿನ ಹೂಜಿಯ ನೀರು ಏಪ್ರಿಲ್ ತಿಂಗಳಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಂಪಾಗಿರುತ್ತದೆ. ಅದೇ ಹೂಜಿಯನ್ನು ಪುತ್ತೂರಿಗೆ ತಂದಿಟ್ಟರೆ ಅದು ಬರೀ ಹೂಜಿ. ಕಲಬುರಗಿಯ ಮನೆಮನೆಯಲ್ಲಿ ಗುಂಯ್‌ಗುಡುವ ಹುಲ್ಲು ಪರದೆಯ ಕೂಲರ್ ಮಂಗಳೂರಿನ ಅಂಗಡಿಯಲ್ಲಿ ಅಷ್ಟಾಗಿ ಬಿಕರಿಯಾಗದಿರುವುದಕ್ಕೂ ಇದೇ ಕಾರಣ. ನಮ್ಮ ಮೈಯೂ ಒಂದು ಹೂಜಿಯೇ ತಾನೆ.

ರಾತ್ರಿಯ ಮಾತು ಇನ್ನೊಂದು. ಒಣ ಹವೆಯ ಊರಿನಲ್ಲಿ ಸೂರ್ಯ ಮುಳುಗಿದ ಮೇಲೆ ನೆಲದ ಕಾವು ಆಕಾಶಕ್ಕೆ ಹಾರಿಹೋಗುತ್ತದೆ. ಆವಿ ತುಂಬಿದ ಕಡೆ ಅದು ಕಂಬಳಿ ಹೊದಿಸಿದ ಹಾಗೆ ಕಾವನ್ನು ಹಿಡಿದಿಡುತ್ತದೆ. ಹೂಸ್ಟನ್ನಿನಲ್ಲಿ ಜುಲೈ–ಆಗಸ್ಟ್ ತಿಂಗಳ ಸರಾಸರಿ ಕನಿಷ್ಠ ಉಷ್ಣಾಂಶವೇ 24–25 ಡಿಗ್ರಿ. ಹಗಲು ದಣಿದ ದೇಹಕ್ಕೆ ರಾತ್ರಿ ಸಿಗಬೇಕಾದ ಬಿಡುವು ಸಿಗುವುದಿಲ್ಲ. ಮುದುಕರ ಜೀವಕ್ಕೆ ಅಪಾಯ ಬರುವುದು ಮಧ್ಯಾಹ್ನದ ಝಳದಿಂದ ಎಂದು ತಿಳಿದಿದ್ದೆ. ಮೂರ್ನಾಲ್ಕು ರಾತ್ರಿ ಬಿಡದೆ ಬಂದ ಸೆಕೆ ಅದಕ್ಕಿಂತ ಕೆಟ್ಟದ್ದು.

ಇಂಥ ಜಾಗದಲ್ಲಿ ಊರು ಕಟ್ಟುವ ಬುದ್ಧಿ ಬಂದದ್ದು ನ್ಯೂಯಾರ್ಕಿನಿಂದ ಬಂದ ಅಲೆನ್ ಸಹೋದರರಿಗೆ, 1836ರಲ್ಲಿ. ಜೌಗು ಹಳ್ಳದ ದಡದ ಭೂಮಿ ಕೊಂಡು, ಎತ್ತರದ ಆರೋಗ್ಯಕರ ಜಾಗ, ಹಾಯಾದ ಕಡಲಗಾಳಿ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಸೈಟು ಮಾರುವವರ ಭಾಷೆ ಯಾವ ಕಾಲದಲ್ಲೂ ಒಂದೇ. ಊರು ಸಮುದ್ರಮಟ್ಟದಿಂದ ಎತ್ತರವಿರುವುದು ಐವತ್ತೇ ಅಡಿ. 1839ರಲ್ಲಿ ಹಳದಿ ಜ್ವರ ಬಂದು ಹತ್ತರಲ್ಲೊಂದು ಪಾಲು ಜನ ತೀರಿಕೊಂಡರು. ಅದು ಸೊಳ್ಳೆಯಿಂದ ಬರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಆ ಕಾಲದ ಮನೆಗಳು ಮಾತ್ರ ನನಗೆ ತೀರಾ ಪರಿಚಿತ ಅನ್ನಿಸಿದವು. ನೆಲದಿಂದ ಎರಡಡಿ ಎತ್ತರಕ್ಕೆ ಕುತ್ತಿಗಳ ಮೇಲೆ ಕೂರಿಸಿದ ಮರದ ಮನೆ, ಅಡಿಯಲ್ಲಿ ಗಾಳಿ ಓಡಾಡಲು ಜಾಗ. ಎದುರಿಗೆ ಜಗಲಿ. ಎತ್ತರದ ಛಾವಣಿ. ಎರಡು ಕೋಣೆಗಳ ನಡುವೆ ಆರಪಾರ ತೆರೆದ ಓಣಿ ಬಿಟ್ಟು ಕಟ್ಟಿದ ಮನೆಗಳೂ ಇದ್ದವು. ನಾಯಿ ಓಡುವ ದಾರಿ ಎಂದು ಅದಕ್ಕೆ ಅವರ ಹೆಸರು. ಥರ್ಡ್ ವಾರ್ಡ್ ಎಂಬ ಬಡಾವಣೆಯಲ್ಲಿ ಕಪ್ಪು ಜನಾಂಗದವರು ಬಾಳಿದ ಇಕ್ಕಟ್ಟಿನ ಮನೆಗಳ ಸಾಲೊಂದನ್ನು ಕಲಾವಿದರು ಸೇರಿ ಉಳಿಸಿಕೊಂಡಿದ್ದಾರೆ. ಮುಂಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ಕಾಣುತ್ತದೆ. ನಮ್ಮಜ್ಜನ ಮನೆಯ ಚಾವಡಿಯೂ ಹಾಗೆಯೇ ಇತ್ತು. ಮೇಲೆ ಮಂಗಳೂರು ಹಂಚು. ಹಂಚಿನ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು, ಕೆಳಗಿನ ಕಿಟಕಿಯಿಂದ ತಂಗಾಳಿ ಒಳಗೆ ಬರುತ್ತಿತ್ತು. ಸೆಕೆಯನ್ನು ಹೊರಗಿಡಲು ಆಗುವುದಿಲ್ಲ, ಹಾಗಾಗಿ ಅದನ್ನು ನಿಲ್ಲಲು ಬಿಡದೆ ಓಡಿಸುತ್ತಿರಬೇಕು ಎಂಬುದು ಅಲ್ಲಿಯ ಬಡಗಿಗೂ ಇಲ್ಲಿಯ ಬಡಗಿಗೂ ಹೊಳೆದಿತ್ತು.

ಆಮೇಲೆ ಎ.ಸಿ. ಬಂತು. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರ್ ಅದನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ಕಾಗದಕ್ಕಾಗಿ. ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ ಅದರ ನೀರನ್ನು ಹಿಂಡಿ ತೆಗೆಯುವುದೇ ಆ ಯಂತ್ರದ ಉದ್ದೇಶವಾಗಿತ್ತು. ತಂಪು ಅದರ ಜೊತೆಗೆ ಬಂದ ಲಾಭ. ಹೂಸ್ಟನ್ನಿಗೆ ಬೇಕಾಗಿದ್ದದ್ದು ಇದೇ.

ಆ ಯಂತ್ರದ ಮೇಲೆ ಈ ಕೌಂಟಿ ಎಷ್ಟು ಮರುಳಾಯಿತು ಎನ್ನುವುದಕ್ಕೆ ಆಸ್ಟ್ರೊಡೋಮ್ ಸಾಕ್ಷಿ. ಸೆಕೆ, ಸೊಳ್ಳೆಗಳ ಕಾಟದಲ್ಲಿ ಬೇಸ್‌ಬಾಲ್ ನೋಡಲು ಜನ ಬರುವುದಿಲ್ಲವೆಂದು, ಹಿಂದೆ ಕೌಂಟಿ ಜಡ್ಜ್ ಆಗಿದ್ದ ರಾಯ್ ಹಾಫೈನ್ಸ್ ಮುಂದೆ ನಿಂತು ಇಡೀ ಮೈದಾನಕ್ಕೇ ಛಾವಣಿ ಹಾಕಿಸಿ ಎ.ಸಿ. ಕೂರಿಸಿದರು. ದುಡ್ಡು ಕೌಂಟಿಯದು. 1965ರಲ್ಲಿ ಬಾಗಿಲು ತೆರೆಯಿತು. ಒಳಗೆ ನಿಜವಾದ ಹುಲ್ಲು ಬೆಳೆಯಲೆಂದು ಛಾವಣಿಗೆ ಪಾರದರ್ಶಕ ಫಲಕ ಹಾಕಿದ್ದರು. ಆ ಬೆಳಕಿಗೆ ಕಣ್ಣು ಕೋರೈಸಿ ಆಟಗಾರರಿಗೆ ಮೇಲೆ ಹಾರಿದ ಚೆಂಡೇ ಕಾಣಲಿಲ್ಲ. ಫಲಕಗಳಿಗೆ ಬಣ್ಣ ಬಳಿದರು. ಬಿಸಿಲಿಲ್ಲದೆ ಹುಲ್ಲು ಸತ್ತಿತು. ಸತ್ತ ಹುಲ್ಲಿಗೆ ಹಸಿರು ಬಣ್ಣ ಹೊಡೆದು ಆ ವರ್ಷ ದೂಡಿದರು. ಮರುವರ್ಷ ಪ್ಲಾಸ್ಟಿಕ್ ಹುಲ್ಲು ಹಾಸಿದರು. ಇಂದು ಜಗತ್ತಿಗೆಲ್ಲ ‘ಆಸ್ಟ್ರೊಟರ್ಫ್’ ಎಂದು ಗೊತ್ತಿರುವ ಹಾಸು ಹೆಸರು ಪಡೆದದ್ದು ಹೀಗೆ. ನಮ್ಮ ಹಾಕಿ ಹುಡುಗರು ಮಣ್ಣು ಬಿಟ್ಟು ಕೃತಕ ಹಾಸಿನ ಮೇಲೆ ಆಡಲು ಕಲಿಯಬೇಕಾಗಿ ಬಂದುದರ ಹಿಂದೆಯೂ ಹೂಸ್ಟನ್ನಿನ ಸೆಕೆಯ ಒಂದು ಎಳೆ ಇದೆ ಎಂದು ನನಗೆ ಅಲ್ಲಿಗೆ ಹೋಗುವವರೆಗೆ ಗೊತ್ತಿರಲಿಲ್ಲ. ಡೋಮ್ ಈಗ ಖಾಲಿ ನಿಂತಿದೆ. ಕೆಡವುವ ಹಾಗೂ ಇಲ್ಲ, ಬಳಸುವ ಹಾಗೂ ಇಲ್ಲ ಎಂಬ ಸ್ಥಿತಿಯಲ್ಲಿ.

ನಗರದ ನಡುಭಾಗದಲ್ಲಿ ನೆಲದಿಂದ ಇಪ್ಪತ್ತಡಿ ಕೆಳಗೆ ಹತ್ತು ಕಿಲೊಮೀಟರಿನಷ್ಟು ಸುರಂಗ ದಾರಿಗಳಿವೆ. ಕಚೇರಿಯಿಂದ ಕಚೇರಿಗೆ, ಊಟದ ಅಂಗಡಿಗೆ ಜನ ಅದರೊಳಗೇ ಓಡಾಡುತ್ತಾರೆ. ಮೇಲೆ ರಸ್ತೆಯಲ್ಲಿ ಮಧ್ಯಾಹ್ನ ನಡೆಯುತ್ತಿದ್ದವರು ನಾನು ಮತ್ತು ಒಬ್ಬ ಪೋಸ್ಟ್‌ಮ್ಯಾನ್. ಒಳಗೆ ಹೋದರೆ ಹೆಂಗಸರು ಸ್ವೆಟರ್ ಹಾಕಿಕೊಂಡು ಊಟ ಮಾಡುತ್ತಿದ್ದರು.

ಮಗಳ ಮನೆ ಕೌಂಟಿಯ ಪಶ್ಚಿಮ ಅಂಚಿನಲ್ಲಿ. ಎ.ಸಿ. ಯಂತ್ರ ಅಟ್ಟದಲ್ಲಿದೆ. ಬಂದ ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಕಿಟಕಿ ತೆರೆಯಲು ಹೋದೆ. "ಅಪ್ಪ, ಕಿಟಕಿ ತೆಗೀಬೇಡಿ!" ಎಂದು ಮಹಡಿಯಿಂದಲೇ ಕೂಗಿದಳು. ಕರೆಂಟ್ ಬಿಲ್ಲಿನ ಭಯ ಅಂದುಕೊಂಡೆ. ಅಷ್ಟೇ ಅಲ್ಲವಂತೆ. ಅಲ್ಲಿನ ಗೋಡೆ ಎಂದರೆ ಮರದ ಚೌಕಟ್ಟಿಗೆ ಎರಡೂ ಬದಿ ಕಾಗದ ಅಂಟಿಸಿದ ಜಿಪ್ಸಮ್ ಹಲಗೆ ಹೊಡೆದದ್ದು. ಹೊರಗಿನ ಹಸಿಗಾಳಿ ತಂಪಾದ ಗೋಡೆಗೆ ತಾಗಿದರೆ ನನ್ನ ಕನ್ನಡಕಕ್ಕೆ ಆದದ್ದೇ ಗೋಡೆಗೂ ಆಗುತ್ತದೆ. ಒದ್ದೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ತಂಪು ಮಾಡಿದ ಮನೆಯನ್ನು ತೆರೆಯುವ ಹಾಗಿಲ್ಲ.

ಹಿಂಡಿ ತೆಗೆದ ನೀರು ಎಲ್ಲಿಗೆ ಹೋಗುತ್ತದೆ? ಒಂದು ಸಣ್ಣ ಪೈಪಿನ ಮೂಲಕ ಬಚ್ಚಲ ಸಿಂಕಿನ ಕೊಳವೆಗೆ. ರಾತ್ರಿ ಮನೆ ನಿಶ್ಶಬ್ದವಾಗಿದ್ದಾಗ ಆ ತೊಟಕ್ ತೊಟಕ್ ಸದ್ದು ಕೇಳುತ್ತದೆ. ಆಗಸ್ಟಿನಲ್ಲಿ ಒಂದು ದಿನ ಅಡುಗೆಮನೆಯ ಕಿಟಕಿಯೆದುರು ನೀರು ತೊಟ್ಟಿಕ್ಕತೊಡಗಿತು. ಮಳೆಯಿಲ್ಲ, ಮೋಡವಿಲ್ಲ. ಬಕೆಟ್ ಇಟ್ಟೆ, ಮಧ್ಯಾಹ್ನದೊಳಗೆ ಅರ್ಧ ತುಂಬಿತು. ರಿಪೇರಿಗೆ ಬಂದ ಯುವಕ ವಿವರಿಸಿದ: ಮುಖ್ಯ ಪೈಪಿನಲ್ಲಿ ಪಾಚಿ ಕಟ್ಟಿಕೊಂಡಿದೆ, ಹಾಗಾಗಿ ನೀರು ಯಂತ್ರದ ಕೆಳಗಿನ ತಟ್ಟೆಗೆ ಬಂದು, ಅಲ್ಲಿಂದ ಎರಡನೆಯ ಪೈಪಿನಲ್ಲಿ ಹೊರಗೆ ಬರುತ್ತಿದೆ. ಆ ಎರಡನೆಯ ಪೈಪಿನ ಬಾಯನ್ನು ಬೇಕೆಂದೇ ಕಿಟಕಿಯ ಮೇಲೆ ಬಿಟ್ಟಿರುತ್ತಾರೆ, ಮನೆಯವರ ಕಣ್ಣಿಗೆ ಬೀಳಲಿ ಎಂದು. ಹಿಂಬದಿಯ ಗೋಡೆಗೆ ಬಿಟ್ಟರೆ ನೋಡುವವರಿಲ್ಲ, ತಟ್ಟೆಯೂ ತುಂಬಿ ಛಾವಣಿ ಕುಸಿದ ಮೇಲೆಯೇ ಗೊತ್ತಾಗುವುದು. ತಿಂಗಳಿಗೊಮ್ಮೆ ಪೈಪಿಗೆ ಒಂದು ಕಪ್ ಬಿಳಿ ವಿನೆಗರ್ ಹೊಯ್ಯಿರಿ ಎಂದು ಹೇಳಿ ಹೋದ. ಆ ಕೆಲಸ ನನ್ನ ಪಾಲಿಗೆ ಬಂತು. ನಮ್ಮೂರಲ್ಲಿ ಅಡಿಕೆಗೆ ಮದ್ದು ಬಿಡುವ ಹಾಗೆ ನಾನು ಅಟ್ಟ ಹತ್ತಿ ಎ.ಸಿ.ಗೆ ಮದ್ದು ಬಿಡುತ್ತಿದ್ದೆ.

ಅದಕ್ಕೂ ಮೊದಲು, ನಾವು ಬಂದ ಕೆಲವೇ ದಿನದಲ್ಲಿ, ಜುಲೈ 8ರ ಸೋಮವಾರ, ಬೆರಿಲ್ ಚಂಡಮಾರುತ ಬಂದಿತ್ತು. ಅವರ ಲೆಕ್ಕದಲ್ಲಿ ಅದು ಒಂದನೆಯ ದರ್ಜೆಯದು, ಎಂದರೆ ಚಂಡಮಾರುತಗಳ ಪೈಕಿ ಚಿಕ್ಕದು. ನಸುಕಿನಲ್ಲಿ ಗಾಳಿ ಹುಯಿಲಿಟ್ಟು, ಓಕ್ ಮರದ ಕೊಂಬೆ ಲಟಲಟ ಮುರಿದು, ಕರೆಂಟ್ ಹೋಯಿತು. ಹೂಸ್ಟನ್ ಸೀಮೆಯಲ್ಲಿ ಒಟ್ಟು 22 ಲಕ್ಷಕ್ಕೂ ಹೆಚ್ಚು ಮನೆ–ಅಂಗಡಿಗಳು ಕತ್ತಲಾದವು. ಮಧ್ಯಾಹ್ನ ಮಳೆ ನಿಂತು ಗಾಳಿಯೂ ಸತ್ತಿತು. ಮಾರನೆಯ ದಿನ ಬಿಸಿಲು ಚೆನ್ನಾಗಿಯೇ ಬಂತು.

ಆಗ ಅರ್ಥವಾಯಿತು ಆ ಮನೆ ಎಂಥದ್ದು ಎಂದು. ಅಳಿಯ ಬೆಣ್ಣೆ ಸವರುವ ಚೂರಿ ತೂರಿಸಿ, ಬಣ್ಣ ಅಂಟಿಕೊಂಡಿದ್ದ ಅಡುಗೆಮನೆಯ ಕಿಟಕಿಯನ್ನು ಹೇಗೋ ಎಬ್ಬಿಸಿದ. ಗಾಳಿ ಒಳಗೆ ಬರಲು ದಾರಿಯಾಯಿತು, ಹೋಗಲು ದಾರಿ ಇರಲಿಲ್ಲ. ಎದುರು ಗೋಡೆಯಲ್ಲಿ ಕಿಟಕಿಯೇ ಇಲ್ಲ. ಮಹಡಿಯ ದೊಡ್ಡ ಗಾಜುಗಳು ತೆರೆಯಲಾಗದವು. ಮೇಲಿನ ಅಟ್ಟ ಕಾದ ಬಾಣಲೆಯಂತಾಗಿತ್ತು. ಸೊಳ್ಳೆ ಪರದೆಗಳು ಗ್ಯಾರೇಜಿನಲ್ಲೆಲ್ಲೋ ಇದ್ದವು. ಮೊಮ್ಮಗು ಕಿರಿಕಿರಿ ಶುರುಮಾಡಿತು. ಬೀಸಣಿಗೆ ಕೇಳಿದರೆ ಮಗಳು ನಮ್ಮ ಮುಖ ನೋಡಿದಳು. ನನ್ನ ಹೆಂಡತಿ ಕಪಾಟಿನೊಳಗೆ ತಡಕಾಡಿ, ಸತ್ಯನಾರಾಯಣ ಪೂಜೆಗೆಂದು ಇಂಡಿಯನ್ ಸ್ಟೋರಿನಿಂದ ತಂದು ಉಳಿದಿದ್ದ ಅಡಿಕೆ ಹಾಳೆಯ ತಟ್ಟೆಗಳ ಕಟ್ಟು ಹೊರತೆಗೆದಳು. ಒಂದನ್ನು ಕತ್ತರಿಯಿಂದ ಅಂಚು ಬಿಡಿಸಿ ಬೀಸಿ ನೋಡಿದಳು. ನಮ್ಮೂರಿನ ಹಾಳೆ ಹದಿನೈದು ಸಾವಿರ ಕಿಲೊಮೀಟರ್ ದಾಟಿ ಬಂದು ತನ್ನ ಹಳೆಯ ಕೆಲಸಕ್ಕೇ ಸೇರಿತು.

ಮೂರು ರಾತ್ರಿ ಹಾಗೆ ಕಳೆಯಿತು. ವಿದ್ಯುತ್ ಕಂಪನಿಯ ನಕ್ಷೆ ನೋಡಿ ಯಾವ ಕಡೆ ಕರೆಂಟಿದೆ ಎಂದು ತಿಳಿಯೋಣವೆಂದರೆ ಆ ನಕ್ಷೆಯೇ ಕೆಟ್ಟಿತ್ತು. ಜನ ವಾಟಬರ್ಗರ್ ಎಂಬ ತಿಂಡಿ ಅಂಗಡಿಯ ಆ್ಯಪ್ ತೆರೆದು, ಯಾವ ಯಾವ ಅಂಗಡಿ ತೆರೆದಿದೆ ಎಂದು ನೋಡಿ, ಅಲ್ಲೆಲ್ಲ ಕರೆಂಟಿದೆ ಎಂದು ಲೆಕ್ಕ ಹಾಕುತ್ತಿದ್ದರು. ಇದು ಜಾಣತನವೋ ದುರ್ಗತಿಯೋ ಗೊತ್ತಾಗಲಿಲ್ಲ. ಜನ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಗಂಟೆಗಟ್ಟಲೆ ಕೂತಿರುತ್ತಿದ್ದರು. ಕರೆಂಟಿಲ್ಲದ ಮನೆಗಳಲ್ಲಿ ಸೆಕೆಯಿಂದಲೇ ಜೀವ ಬಿಟ್ಟವರೂ ಇದ್ದರು. ನಾನು ಬರುವಾಗ ತಂದಿದ್ದ ಜಂಬ, ಕಿಟಕಿ ತೆರೆದು ಬದುಕುವ ನಮ್ಮ ಕ್ರಮವೇ ಸರಿ ಎಂಬುದು, ಆ ಮೂರು ದಿನ ಗಟ್ಟಿಯಾಯಿತು. ನಾಲ್ಕನೆಯ ದಿನ ಎ.ಸಿ. ಶುರುವಾಗಿ ಮೊದಲ ತಂಪು ಮುಖಕ್ಕೆ ಬಡಿದಾಗ ಕಣ್ಣು ಮುಚ್ಚಿ ಕುರ್ಚಿಯಲ್ಲಿ ಒರಗಿದವನೂ ನಾನೇ.

ನೆಲದ ಕಥೆಯನ್ನೂ ಸ್ವಲ್ಪ ಹೇಳಬೇಕು. ಅಲ್ಲಿರುವುದು ಜಿಗುಟು ಕಪ್ಪು ಮಣ್ಣು, ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಜಾತಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಮನೆ ಅದರ ಮೇಲೆ ಕೂತಿರುವುದರಿಂದ ಮಣ್ಣು ಕುಗ್ಗಿದರೆ ಪಾಯ ಸೀಳುತ್ತದೆ. ಆದ್ದರಿಂದ ಒಣಹವೆಯ ವಾರಗಳಲ್ಲಿ ಜನ ಪಾಯದ ಸುತ್ತ ತೂತಿನ ಪೈಪು ಹಾಕಿ ನೀರುಣಿಸುತ್ತಾರೆ. ಗಿಡಕ್ಕಲ್ಲ, ಮನೆಗೆ. ಗಾಳಿಯ ನೀರನ್ನು ಅಟ್ಟದಲ್ಲಿ ಹಿಂಡಿ ತೆಗೆದು, ಕೆಳಗೆ ಮಣ್ಣಿಗೆ ದುಡ್ಡಿನ ನೀರು ಬಿಡುವುದು ನೋಡಿ ನನಗೆ ನಗು ಬಂತು. ಹಿಂದೆ ಕೊಳವೆಬಾವಿಗಳಿಂದ ಮಿತಿಮೀರಿ ನೀರೆತ್ತಿ ಕೆಲವು ಕಡೆ ಇಡೀ ನೆಲವೇ ಹತ್ತಡಿಯವರೆಗೆ ಕುಸಿದಿದೆ. ಬೇಟೌನ್ ಎಂಬಲ್ಲಿ ಬ್ರೌನ್‌ವುಡ್ ಎಂಬ ಶ್ರೀಮಂತರ ಬಡಾವಣೆ ಹಾಗೆ ಮೆಲ್ಲಮೆಲ್ಲನೆ ಇಳಿದು, 1983ರ ಅಲಿಷಿಯಾ ಚಂಡಮಾರುತಕ್ಕೆ ಪೂರ್ತಿ ನೀರು ಪಾಲಾಯಿತು. ಈಗ ಅದು ಹಕ್ಕಿ ನೋಡುವ ಜಾಗ. ಕುಸಿತ ತಡೆಯಲೆಂದೇ 1975ರಲ್ಲಿ ಒಂದು ಪ್ರತ್ಯೇಕ ಪ್ರಾಧಿಕಾರ ಮಾಡಬೇಕಾಯಿತು.

ಇಂಥ ಸಪಾಟು, ಜಿಗುಟು ನೆಲದ ಮೇಲೆ 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಬಂದು ನಿಂತಿತು. ಬಂದದ್ದಕ್ಕಿಂತ ನಿಂತದ್ದೇ ತೊಂದರೆ. ನಾಲ್ಕು ದಿನದಲ್ಲಿ ಕೌಂಟಿಯಿಡೀ ಸರಾಸರಿ 33 ಇಂಚಿನ ಮೇಲೆ, ಎಂದರೆ 850 ಮಿಲಿಮೀಟರಿನಷ್ಟು ಮಳೆ. ಮಂಗಳೂರಿಗೆ ಜುಲೈ ತಿಂಗಳಿಡೀ ಬೀಳುವುದರ ಹತ್ತಿರಹತ್ತಿರ ಮುಕ್ಕಾಲು ಪಾಲು. ನಮ್ಮ ಮಳೆ ಮುರಕಲ್ಲಿನ ಗುಡ್ಡದಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಓಡುತ್ತದೆ. ಅಲ್ಲಿ ನೀರಿಗೆ ಇಳಿಜಾರೇ ಇಲ್ಲ. ಬಯೂ ಎಂದು ಕರೆಯುವ ನಿಧಾನದ ಹಳ್ಳಗಳು ತುಂಬಿ ಹಿಂದಕ್ಕೆ ಬಂದವು. ಸುಮಾರು ಒಂದೂವರೆ ಲಕ್ಷ ಮನೆಗಳಿಗೆ ನೀರು ನುಗ್ಗಿತು. 1935ರ ನೆರೆಯ ನಂತರ, 1940ರ ದಶಕದಲ್ಲಿ ಊರಿನ ಪಶ್ಚಿಮಕ್ಕೆ ಆ್ಯಡಿಕ್ಸ್ ಮತ್ತು ಬಾರ್ಕರ್ ಎಂಬ ಎರಡು ಒಡ್ಡು ಕಟ್ಟಿದ್ದರು. ಮಾಮೂಲು ದಿನಗಳಲ್ಲಿ ಅವು ಖಾಲಿ ಕಾಡು. ನೀರು ನಿಲ್ಲಬಹುದಾದ ಜಾಗವನ್ನೆಲ್ಲ ಸರ್ಕಾರ ಕೊಂಡಿರಲಿಲ್ಲ. ಕೊಳ್ಳದೆ ಉಳಿದ ಅಂಚಿನಲ್ಲಿ ಬಡಾವಣೆಗಳು ಎದ್ದಿದ್ದವು. ಹಾರ್ವಿಯಲ್ಲಿ ಒಡ್ಡಿನ ಹಿಂದಿನವರು ತುಂಬಿದ ನೀರಿನಲ್ಲಿ ಮುಳುಗಿದರು, ಒಡ್ಡು ಉಳಿಸಲು ಗೇಟು ತೆರೆದಾಗ ಮುಂದಿನವರು ಮುಳುಗಿದರು.

ಮಗಳ ಬೀದಿಯ ಹಳಬರು ಇಂದಿಗೂ ಹೇಳುವುದು ನೀರಿನ ಮಾತಲ್ಲ, ನೀರಿಳಿದ ಮೇಲಿನ ಮಾತು. ಪ್ರತಿ ಮನೆಯವರೂ ಗೋಡೆಯ ಜಿಪ್ಸಮ್ ಹಲಗೆಯನ್ನು ನಾಲ್ಕಡಿ ಎತ್ತರಕ್ಕೆ ಗರಗಸದಲ್ಲಿ ಕತ್ತರಿಸಿ ತಂದು ರಸ್ತೆ ಬದಿಗೆ ರಾಶಿ ಹಾಕಿದ್ದರಂತೆ, ಬೂಷ್ಟು ಮೇಲಕ್ಕೆ ಹತ್ತುವ ಮೊದಲು. 1974ರ ನೇತ್ರಾವತಿ ನೆರೆಯ ನಂತರ ನಮ್ಮ ಸಂಬಂಧಿಕರ ಮನೆಯಲ್ಲಿ ಕೆಸರನ್ನು ಹಾರೆಯಿಂದ ಎಳೆದು, ಗೋಡೆಗೆ ನೀರು ಹೊಡೆದು, ಒಲೆ ಉರಿಸಿ ಒಣಗಿಸಿದ್ದು ನೆನಪಾಯಿತು. ಮುರಕಲ್ಲನ್ನು ಬೂಷ್ಟು ತಿನ್ನುವುದಿಲ್ಲ. ಮಣ್ಣಿನ ಗೋಡೆಯವರ ಮನೆ ಮಾತ್ರ ಅಲ್ಲೇ ಕರಗಿಹೋಗಿತ್ತು, ಅದನ್ನೂ ಮರೆಯಬಾರದು.

ಸೊಳ್ಳೆಗಳ ವಿಷಯದಲ್ಲಿ ಕೌಂಟಿಯವರು ಬುದ್ಧಿವಂತರು. 1964ರಲ್ಲಿ ಸೊಳ್ಳೆಯಿಂದ ಮಿದುಳು ಜ್ವರ ಹರಡಿದ ಮಾರನೆಯ ವರ್ಷವೇ ಅದಕ್ಕೊಂದು ಇಲಾಖೆ ಮಾಡಿದರು. ಬಲೆಯಿಟ್ಟು ಸೊಳ್ಳೆ ಹಿಡಿದು, ಪ್ರಯೋಗಾಲಯದಲ್ಲಿ ವೈರಸ್ ಇದೆಯೇ ನೋಡಿ, ಇದ್ದ ಕಡೆ ರಾತ್ರಿ ಗಾಡಿಯಲ್ಲಿ ಮದ್ದು ಸಿಂಪಡಿಸುತ್ತಾರೆ. ನಮ್ಮಲ್ಲಿ ಡೆಂಗಿ ಬಂದ ಮೇಲೆ ಬರುವ ಹೊಗೆ ಗಾಡಿ ಅಲ್ಲಿ ಜ್ವರಕ್ಕೆ ಮೊದಲೇ ಬರುತ್ತದೆ.

ಸಂಜೆ ಬಯೂ ದಂಡೆಯಲ್ಲಿ ನಡೆಯುವಾಗ ಹೆಂಡತಿ ಥಟ್ಟನೆ ನಿಂತಳು. ನೀರಂಚಿನಲ್ಲಿ ಮೊಣಕಾಲೆತ್ತರ ಕೆಸುವಿನ ಪೊದೆ. ಎಲ್ಲಿಂದಲೋ ಬಂದು ಟೆಕ್ಸಾಸಿನ ಹೊಳೆದಂಡೆಗಳಲ್ಲಿ ಹಬ್ಬಿ, ಅಲ್ಲಿನವರಿಗೆ ಅದೊಂದು ಕಳೆ. ನಮಗೆ ಆಟಿ ತಿಂಗಳು, ಪತ್ರೊಡೆಯ ಕಾಲ. "ನಾಲ್ಕು ಎಲೆ ಕೊಯ್ಯುವ" ಅಂದಳು. ಚರಂಡಿಯ ನೀರು, ಯಾವ ಜಾತಿಯೋ ಏನೋ, ಗಂಟಲು ತುರಿಸಿದರೆ ಅಮೆರಿಕದ ಡಾಕ್ಟರಿಗೆ ಏನೆಂದು ವಿವರಿಸುವುದು ಎಂದು ತಡೆದೆ. ಇವತ್ತಿಗೂ ಆ ಮಾತು ಆಡಿಕೊಳ್ಳುತ್ತಾಳೆ.

ಡಿಸೆಂಬರಿನಲ್ಲಿ ಊರಿಗೆ ಮರಳಿದೆವು. ಈ ಸಲ ಮಾರ್ಚಿನಲ್ಲೇ ಸೆಕೆ ಏರಿತು. ಪಕ್ಕದ ಮನೆಯವರು ಮಲಗುವ ಕೋಣೆಗೆ ಎ.ಸಿ. ಹಾಕಿಸುತ್ತೇವೆಂದು ಕರೆದರು. ಹಂಚಿನ ಮನೆ. ಹಂಚಿನಡಿಗೆ ಹಲಗೆ ಬಡಿದು ಮುಚ್ಚಾಗಿತ್ತು. ಮನೆಯೊಡತಿ ಸ್ಟೂಲಿನ ಮೇಲೆ ನಿಂತು, ಗೋಡೆಯ ಮೇಲ್ಭಾಗದ ಬೆಳಕಿಂಡಿಗಳಿಗೆ ಥರ್ಮಾಕೋಲ್ ಕತ್ತರಿಸಿ ತುರುಕುತ್ತಿದ್ದರು. ಅವರ ಅತ್ತೆಗೆ ಎಂಬತ್ತು ದಾಟಿದೆ, ಹೋದ ವರ್ಷದ ಮೇ ತಿಂಗಳ ರಾತ್ರಿಗಳಲ್ಲಿ ನಿದ್ದೆಯಿಲ್ಲದೆ ಆಸ್ಪತ್ರೆ ಸೇರಿದ್ದರು. ನಾನು ಬಾಯಿ ತೆರೆಯಲಿಲ್ಲ.

"ಮಾಷ್ಟ್ರೇ, ನೀವು ಅಲ್ಲಿ ನೋಡಿದ್ದೀರಲ್ಲ, ಈ ನೀರಿನ ಪೈಪ್ ಎಲ್ಲಿ ಬಿಡುದು? ಇವರು ಹಿಂದಿನ ಗೋಡೆಗೆ ಅಂತಾರೆ, ಯಾರಿಗೂ ಕಾಣುದಿಲ್ಲ" ಎಂದು ಯಜಮಾನರು ಕೇಳಿದರು.

"ಅಡುಗೆಮನೆ ಕಿಟಕಿಯ ಮೇಲೆ ಬಿಡಿಸಿ" ಅಂದೆ.

"ಅಲ್ಲಿ ಬಿಟ್ಟರೆ ಪಾತ್ರೆ ತೊಳೆಯುವಾಗ ಎದುರಿಗೇ ತೊಟ್ಟಿಕ್ಕುತ್ತದಲ್ಲ ಮಾರಾಯ್ರೆ!"

"ಹೌದು, ತೊಟ್ಟಿಕ್ಕುತ್ತದೆ" ಅಂದೆ. ಫಿಟ್ಟರ್ ಹುಡುಗ ಡ್ರಿಲ್ ಕೈಯಲ್ಲಿ ಹಿಡಿದು ನಮ್ಮಿಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ.